ಎರಡು ಇಟ್ಟಿಗೆಯ ಕಿಂಡಿ

ಸರಾನ್, ಕರಗಂಡ
24 ನವೆಂಬರ್ 1997

ಅಖಿಲ ಹುಲ್ಲುಗಾವಲು ಗ್ಯಾರೇಜು ಬೆಚ್ಚಗಿಡುವವರ ಮಹಾಸಭೆಯ ಮಾನ್ಯ ಅಧ್ಯಕ್ಷರೇ, ತುಪ್ಪಳದ ಟೋಪಿ ಧರಿಸಿ ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಕಾಲು ಬಡಿಯುತ್ತ ನಿಂತಿರುವ ಚಳಿಪೀಡಿತ ಬಾಂಧವರೇ, ಮತ್ತು ಸಭೆಗೆ ಚಕ್ಕರ್ ಹೊಡೆದು ಜರ್ಮನಿಗೆ ಓಡಿಹೋದ ಏಕೈಕ ಸದಸ್ಯ ಎಡ್ವಿನನೇ,

ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವ ಈ ಕಾಲದಲ್ಲಿ ಒಳಗೆ ಒಂದು ಕಾರನ್ನು ಜೀವಂತ ಇಡುವುದು ಹೇಗೆ ಎಂಬ ಗಹನ ವಿಷಯದ ಮೇಲೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದೀರಿ. ಚಪ್ಪಾಳೆ ಬೇಡ. ಕೈಗವಸು ಹಾಕಿಕೊಂಡು ತಟ್ಟಿದರೆ ಸದ್ದು ಬರುವುದಿಲ್ಲ, ನನಗೆ ಅವಮಾನವಾಗುತ್ತದೆ.

ಎಡ್ವಿನ್, ನನ್ನ ಕುರ್ದಾಸ್, ಹೇಗಿದ್ದೀ? ಜನ, ದನ ಎಲ್ಲ ಕ್ಷೇಮವೇ ಎಂದು ಕೇಳುವುದು ನಮ್ಮ ಪದ್ಧತಿ. ನಿನಗೀಗ ದನ ಇಲ್ಲ, ಆದ್ದರಿಂದ ಸೈಕಲ್ಲು ಕ್ಷೇಮವೇ ಎಂದು ಕೇಳುತ್ತೇನೆ. ನಿನ್ನ ಮನೆಯೊಡತಿ ಲಿಡಿಯಾ ಹೇಗಿದ್ದಾಳೆ? ನಿನ್ನ ಪತ್ರ ಸೆಪ್ಟೆಂಬರಿನಲ್ಲೇ ಬಂತು. ಉತ್ತರ ತಡವಾದದ್ದಕ್ಕೆ ಬೈಯುವುದಾದರೆ ಬೈ. ಒಂದೇ ವರ್ಷ ಹುಟ್ಟಿದ ಕುರ್ದಾಸರು ನಾವು, ಬೈಯುವ ಹಕ್ಕು ಇಬ್ಬರಿಗೂ ಇದೆ, ಮುನಿಸಿಕೊಳ್ಳುವ ಹಕ್ಕು ಇಬ್ಬರಿಗೂ ಇಲ್ಲ. ನನ್ನ ಕಾರಣ ಇಷ್ಟೇ: ಇದು ಮದುವೆ ಸುಗ್ಗಿ. ಬಸ್ ಡಿಪೋ ಕೆಲಸ ಮುಗಿಸಿ ಶನಿವಾರ ಭಾನುವಾರ ಒಂದೊಂದು ಹಳ್ಳಿಯಲ್ಲಿ ಮೈಕು ಹಿಡಿದು, ಪ್ರಾಸ ಕಟ್ಟಿ, ಬೀಗರನ್ನು ನಗಿಸಿ, ಅಳಿಸಿ, ಮತ್ತೆ ನಗಿಸಿ ಮನೆ ಸೇರುವಷ್ಟರಲ್ಲಿ ಬಾಯಿಯೂ ಕೈಯೂ ದಣಿದಿರುತ್ತವೆ. ಪ್ರಾಸಗಾರನಿಗೆ ಗಂಟಲು ಎಷ್ಟು ಮುಖ್ಯವೋ ಕಾರೂ ಅಷ್ಟೇ ಮುಖ್ಯ. ಕಾರು ಹೊರಡದಿದ್ದರೆ ಮದುಮಗ ನನಗಾಗಿ ಕಾಯುತ್ತಾನೆಯೇ? ಮದುಮಗಳಿಗಾಗಿಯೇ ಕಾಯದವರನ್ನು ನಾನು ನೋಡಿದ್ದೇನೆ.

ನಿನ್ನ ಪತ್ರದಲ್ಲಿ ಒಂದು ಪ್ರಶ್ನೆ, ಒಂದು ಅಪ್ಪಣೆ ಇತ್ತು. ಪ್ರಶ್ನೆ: "ಈ ಸಲ ಚಳಿಗೆ ಗ್ಯಾರೇಜು ಹೇಗೆ ಬೆಚ್ಚಗಿಡುತ್ತೀ?" ಅಪ್ಪಣೆ ಕೊನೆಯ ಸಾಲಿನಲ್ಲಿತ್ತು: "ಬೇಸಿಗೆಗೆ ಬರುವುದು ಇನ್ನು ಆಗುವ ಮಾತಲ್ಲ, ನನ್ನ ಪಾಲಿನ ಗ್ಯಾರೇಜು ಮಾರಿಬಿಡು." ಮೊದಲು ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಉತ್ತರ ದೊಡ್ಡದಿದೆ.

ಈ ಸಲ ನಾನು ಚಳಿಯ ಜೊತೆ ರಾಜಿ ಮಾಡಿಕೊಳ್ಳಲಿಲ್ಲ. ಅಜ್ಜನ ಯೂರ್ತ ಗುಡಾರದ ಮೇಲೆ ಹೊದಿಸುತ್ತಿದ್ದ ಆ ದಪ್ಪ ಉಣ್ಣೆಗಂಬಳಿ ಅಟ್ಟದಲ್ಲಿ ಇಲಿಗಳನ್ನು ಸಾಕುತ್ತಿತ್ತಲ್ಲ, ಅದನ್ನು ಇಳಿಸಿ, ಕೊಡವಿ, ಕಬ್ಬಿಣದ ಬಾಗಿಲಿಗೆ ಒಳಗಿನಿಂದ ಎರಡು ಮಡಿಕೆಯಾಗಿ ಕಟ್ಟಿದೆ. ಬಾಗಿಲ ಅಡಿಯ ಸಂದಿಗೆ ಹೊರಗಿನಿಂದ ಹಿಮವನ್ನೇ ಒತ್ತಿ ಒತ್ತಿ ಕಟ್ಟೆ ಕಟ್ಟಿದೆ. ಚಳಿಯನ್ನು ಚಳಿಯಿಂದಲೇ ತಡೆದೆ. ಛಾವಣಿಯ ಹಲಗೆಗಳ ಮೇಲೆ ಮರದ ಹೊಟ್ಟು ಸುರಿದೆ. ಹಳೆಯ ಕಬ್ಬಿಣದ ಒಲೆಯ ಹೊಗೆಕೊಳವೆಯನ್ನು ನೇರವಾಗಿ ಹೊರಗೆ ಬಿಡುವ ಬದಲು ಗೋಡೆಯುದ್ದಕ್ಕೂ ಮಲಗಿಸಿ, ಆಮೇಲೆ ಎಬ್ಬಿಸಿ ಹೊರಗೆ ಕಳಿಸಿದೆ. ಹೊಗೆ ಹೋಗುವ ಮುನ್ನ ತನ್ನ ಬಿಸಿಯನ್ನೆಲ್ಲ ಕೊಟ್ಟು ಹೋಗಬೇಕು. ನೆಂಟರು ಹಾಗೆ ಹೋಗುವುದಿಲ್ಲ, ಹೊಗೆಯಾದರೂ ಹೋಗಲಿ. ಬೀದಿ ಕಡೆಯ ಗೋಡೆಯಲ್ಲಿ ಮೇಲುಗಡೆ ಇರುವ ಅಂಗೈಯಗಲದ ಗಾಳಿಗಂಡಿಯನ್ನು ಮುಚ್ಚಲಿಲ್ಲ, ಹೆದರಬೇಡ. ಒಲೆಯ ವಿಷಗಾಳಿಗೆ ಸಿಕ್ಕಿ ಗ್ಯಾರೇಜಿನಲ್ಲೇ ನಿದ್ದೆ ಹೋದವರ ಕಥೆ ನಮ್ಮೂರಲ್ಲಿ ಪ್ರತಿ ಚಳಿಗಾಲಕ್ಕೂ ಒಂದಿದೆ. ಆ ಕಥೆಗೆ ಪ್ರಾಸ ಕಟ್ಟುವ ಆಸೆ ನನಗಿಲ್ಲ.

ಕಾರಿಗೆ ಕಂಬಳಿ, ಗಾಲಿಗೆ ಇಟ್ಟಿಗೆ,
ನಾನೂ ನನ್ನೊಲೆಯೂ ಕೂತೆವು ಒಟ್ಟಿಗೆ.

ಗಾಲಿಗೆ ಕೊಟ್ಟ ಇಟ್ಟಿಗೆ ಯಾವುದೆಂದು ನಿನಗೆ ಗೊತ್ತು. ನಿನ್ನ ಗ್ಯಾರೇಜಿಗೂ ನನ್ನದಕ್ಕೂ ನಡುವಿನ ಗೋಡೆ ಕಟ್ಟುವಾಗ ನಾವು ಕೂರಿಸದೆ ಬಿಟ್ಟೆವಲ್ಲ, ಅವೇ ಎರಡು. ಸಾರುವೆ ಮರ ತೂರಿಸಲು ಬಿಟ್ಟ ಜಾಗ. ಕೆಲಸ ಮುಗಿದ ಮೇಲೆ ಮುಚ್ಚೋಣ ಎಂದೆ ನೀನು. ಮುಚ್ಚುವ ಮುನ್ನ ಆ ಕಡೆಯಿಂದ ಒಂದು ಸ್ಪಾನರು ಕೊಡು ಎಂದೆ ನಾನು. ಸ್ಪಾನರಿನ ಹಿಂದೆ ಚಹಾ ಬಟ್ಟಲು ಬಂತು. ಮುಚ್ಚುವುದು ಅಲ್ಲಿಗೇ ನಿಂತಿತು.

ಮೊನ್ನೆ ಎಲ್ಲ ಕೆಲಸ ಮುಗಿಸಿ ಕುಲ್ಜಿಪಾಳನ್ನು ಒಳಗೆ ಕರೆದೆ. ನನ್ನ ಹೆಂಡತಿಯನ್ನು ನೀನು ಬಲ್ಲೆ, ಹೊಗಳುವುದಕ್ಕೆ ಅವಳಿಗೆ ಖರ್ಚು ಜಾಸ್ತಿ. ಕೈ ಚಾಚಿ ಗಾಳಿಯನ್ನು ಮುಟ್ಟಿ ನೋಡಿದಳು, ಕೊಳವೆ ನೋಡಿದಳು, ಕಂಬಳಿ ನೋಡಿದಳು. ಕಡೆಗೆ ನಡುಗೋಡೆಯ ಮುಂದೆ ನಿಂತಳು.

"ಒಲೆ ಯಜಮಾನ್ರೇ, ಇಲ್ಲಿಂದ ಬರ್‌ ಅಂತ ಗಾಳಿ ಹೊಡೀತಿದೆಯಲ್ಲ."

"ಅದು ಗಾಳಿಗಂಡಿ ಕಣೆ. ಒಲೆಗೆ ಉಸಿರು ಬೇಡವಾ?"

"ಗಾಳಿಗಂಡಿ ಅಲ್ಲಿ ಮೇಲಿದೆ."

"ಇದು ಇನ್ನೊಂದು."

"ಹಾಂ. ಮೂಗಿಗೂ ಎರಡು ತೂತು ಇದೆ ಅಂತೀರೇನೋ." ಬಾಗಿಲ ಕಡೆ ತಿರುಗಿ, "ಸೂಜಿ ತೂರೋ ಬಿರುಕಿಗೆಲ್ಲ ಹತ್ತಿ ತುರುಕಿದೀರಾ, ಬೆಕ್ಕು ತೂರೋ ತೂತು ಬಿಟ್ಟಿದೀರಾ" ಎಂದು ಹೊರಟುಹೋದಳು.

ನಿನ್ನ ಊರಿನಲ್ಲಿ ನೆಲದಡಿಯ ಗ್ಯಾರೇಜು ತಾನಾಗಿಯೇ ಬೆಚ್ಚಗಿರುತ್ತದೆ, ಒಲೆಯೂ ಇಲ್ಲ, ಬೂದಿಯೂ ಇಲ್ಲ ಎಂದು ಬರೆದಿದ್ದೀಯ. ಭಲೇ. ಆದರೆ ಅಲ್ಲಿ ನೀನು ಯಾರ ಹತ್ತಿರ ಮಾತಾಡುತ್ತೀ?

ಕಾಗದ ಮುಗಿಯುತ್ತಿದೆ. ನಿನ್ನ ಮನೆಯ ಬಿಸಿ ಆರದಿರಲಿ, ಲಿಡಿಯಾಳ ಮೊಣಕಾಲು ನೋಯದಿರಲಿ.

ನಿನ್ನ ಕುರ್ದಾಸ್,
ಎರ್ಗಾಲಿ

ತಾ.ಕ.: ನಿನ್ನ ಕೊನೆಯ ಸಾಲಿನ ವಿಷಯ. ಚಳಿಗಾಲದಲ್ಲಿ ಗ್ಯಾರೇಜು ಯಾರೂ ಕೊಳ್ಳುವುದಿಲ್ಲ. ಇದನ್ನು ಓದಿ ಹೇಳಿದಾಗ ಕುಲ್ಜಿಪಾ, "ಚಳಿಗಾಲದಲ್ಲಲ್ಲದೆ ಬೇಸಿಗೇಲಿ ಯಾರ್ ಕೊಳ್ತಾರೆ?" ಎಂದಳು. ಅವಳಿಗೆ ವ್ಯಾಪಾರ ಗೊತ್ತಿಲ್ಲ.

•

ಸರಾನ್
21 ಡಿಸೆಂಬರ್ 1997

ಮಹಾಸಭೆಯ ತುರ್ತು ಅಧಿವೇಶನಕ್ಕೆ ಸ್ವಾಗತ. ಅಧ್ಯಕ್ಷರು ಕುಳಿತುಕೊಳ್ಳಬೇಕು, ಕುಳಿತವರು ಏಳಬಾರದು, ಕೇಳಿದವರು ನಗಬಾರದು.

ಕುರ್ದಾಸ್, ಈ ಸಲ ತಡಮಾಡದೆ ಬರೆಯುತ್ತಿದ್ದೇನೆ, ಏಕೆಂದರೆ ಸುದ್ದಿ ಬೇರೆಯವರ ಬಾಯಿಂದ ನಿನಗೆ ತಲುಪಿದರೆ ಅದಕ್ಕೆ ಬಾಲ ಬೆಳೆದಿರುತ್ತದೆ. ನಮ್ಮವರ ಪೈಕಿ ಇಂಥ ತಪ್ಪು ಯಾರೂ ಮಾಡಿದ್ದಿಲ್ಲ ಎಂದು ಇಡೀ ಬೀದಿ ಹೇಳುತ್ತಿದೆ. ಯಾರೂ ಮಾಡದ್ದನ್ನು ಮಾಡಿದ ಹೆಮ್ಮೆಯಾದರೂ ನನಗಿರಲಿ.

ಡಿಸೆಂಬರಿನ ಮೊದಲ ವಾರ ಚಳಿ ಗಟ್ಟಿಯಾಯಿತು. ಪದ್ಧತಿಯಂತೆ ಚಳಿಗಾಲಕ್ಕೆ ಕುದುರೆ ಕಡಿಸಿದೆವು. ಪ್ರತಿ ವರ್ಷದಂತೆ ಇಡೀ ಕುದುರೆ. ಪ್ರತಿ ವರ್ಷ ಅದರಲ್ಲಿ ಅರ್ಧ ನಿನ್ನ ಮನೆಗೆ ಹೋಗುತ್ತಿತ್ತು, ಈ ವರ್ಷ ಹೋಗುವುದಿಲ್ಲ ಎಂಬುದು ಕುದುರೆ ನೆಲಕ್ಕೆ ಬಿದ್ದ ಮೇಲೆ ನಮಗೆ ಹೊಳೆಯಿತು. ಕುಲ್ಜಿಪಾ ಕರುಳಿಗೆ ಪಕ್ಕೆಲುಬು ತುಂಬಿ ಕಜಿ ಕಟ್ಟುತ್ತ ಕೂತವಳು ರೂಢಿಯಂತೆ ಎರಡು ರಾಶಿ ಮಾಡಿಟ್ಟಿದ್ದಳು. ಎರಡನ್ನೂ ಒಯ್ದು ಗ್ಯಾರೇಜಿನ ತೊಲೆಗೆ ನೇತುಹಾಕಿದೆ. ಎಲ್ಲರೂ ಅಲ್ಲೇ ನೇತುಹಾಕುವುದು, ಮಾರ್ಚ್ ತನಕ ಕಲ್ಲಿನಂತೆ ಇರುತ್ತದೆ.

ಈಗ ನಗಬೇಡ.

ಇಷ್ಟು ವರ್ಷ ನನ್ನ ಒಲೆ ಎಂಜಿನ್ನಿನ ಮೂಗನ್ನು ಮಾತ್ರ ಬೆಚ್ಚಗಿಡುತ್ತಿತ್ತು. ತೊಲೆಯ ಕಡೆ ಹಿಮವೇ. ಅಂದರೆ ನನ್ನ ಸೋಲೇ ಮಾಂಸವನ್ನು ಕಾಪಾಡುತ್ತ ಬಂದಿತ್ತು. ಈ ವರ್ಷ ನಾನು ಗೆದ್ದೆ.

ಗೆದ್ದದ್ದನ್ನು ಒಬ್ಬನೇ ಇಟ್ಟುಕೊಳ್ಳುವುದು ಹೇಗೆ? ಭಾನುವಾರ ಬೀದಿಯ ಗಂಡಸರನ್ನೆಲ್ಲ ಕರೆದೆ. ಒಳಗೆ ಬಂದವರು ಟೋಪಿ ತೆಗೆದರು, ಕೋಟು ಬಿಚ್ಚಿದರು, ಒಬ್ಬ ಬೂಟನ್ನೂ ಬಿಚ್ಚಿದ. ಅವನನ್ನು ಬೇಡವೆಂದು ಎಲ್ಲರೂ ಬೇಡಿಕೊಂಡೆವು. ನಾನು ಕಾರಿನ ಮುಂಬದಿಗೆ ಒರಗಿ, ಹೊಗೆಕೊಳವೆಯನ್ನು ಮಲಗಿಸಿದ ಮಹಾಕಲ್ಪನೆಯ ಬಗ್ಗೆ ಭಾಷಣ ಶುರುಮಾಡಿದೆ. ಮಾತಿನ ನಡುವೆ ತಲೆಯ ಮೇಲೆ ಟಪ್ ಎಂದು ಒಂದು ಹನಿ.

"ಛಾವಣಿಯ ಮಂಜು ಕರಗ್ತಿದೆ," ಎಂದು ವಿವರಿಸಿದೆ, "ಅಷ್ಟು ಬಿಸಿ!"

ಎರಡನೆಯ ಹನಿ ಮೂಗಿನ ಮೇಲೆ ಬಿತ್ತು. ಬೂಟಿನವನು ನನ್ನ ಮುಖವನ್ನೇ ನೋಡುತ್ತ, "ಎರ್ಗಾಲಿ, ನಿಮ್ಮನೇಲಿ ಮಂಜು ಕೆಂಪಗಿರುತ್ತಾ?" ಎಂದ.

ತೊಟ್ಟಿಕ್ಕಿ ಬಿದ್ದದ್ದು ಹಿಮವಲ್ಲ, ಮಂಜಲ್ಲ,
ಮಾರ್ಚಿನವರೆಗಿನ ಊಟ, ತೊಡೆ, ಪಕ್ಕೆ, ಎಲ್ಲ.

ಕುಲ್ಜಿಪಾ ಓಡಿಬಂದು ಮಾಂಸ ಹಿಚುಕಿ ನೋಡಿದಳು. ಬೆರಳು ಒಳಗೆ ಹೋಯಿತು. ಅವಳು ಕಿರುಚಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಗಂಡಸರ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ನಮ್ಮ ಯಜಮಾನ್ರು ಕುದುರೆಗೆ ನೆಗಡಿ ಆಗಬಾರದು ಅಂತ ಒಲೆ ಹಚ್ಚಿದಾರೆ. ಸತ್ತ ಮೇಲೂ ಎಷ್ಟು ಕಾಳಜಿ ನೋಡಿ. ನಾನೂ ಇನ್ಮೇಲೆ ಹೆದರೋ ಹಾಗಿಲ್ಲ" ಎಂದಳು. ಬೀದಿಯೆಲ್ಲ ಇನ್ನೂ ಅದನ್ನೇ ಹೇಳಿಕೊಂಡು ನಗುತ್ತಿದೆ. ಪ್ರಾಸವಿಲ್ಲದ ಮಾತಿಗೆ ಇಷ್ಟು ಬೆಲೆ ಬಂದದ್ದು ನನಗೆ ವೃತ್ತಿಯ ದೃಷ್ಟಿಯಿಂದ ಕಳವಳದ ವಿಷಯ.

ಆಮೇಲೆ ಅವಳೇ, ಯಾರನ್ನೂ ಕೇಳದೆ, ಮೊಳೆಯಿಂದ ನಿನ್ನ ಗ್ಯಾರೇಜಿನ ಬೀಗದಕೈ ತೆಗೆದಳು. ನೀನು ಹೋದ ಮೇಲೆ ನಿನ್ನ ಪಾಲು ಖಾಲಿ. ನಿನ್ನ ಮನೆ ಕೊಂಡವರು ಕಾರಿಲ್ಲದವರು, ಗ್ಯಾರೇಜು ಬೇಡವೆಂದಿದ್ದರು, ಅದು ನಿನಗೆ ಗೊತ್ತೇ ಇದೆ. ಒಲೆಯಿಲ್ಲ, ಮನುಷ್ಯರಿಲ್ಲ. ಗೋಡೆಯ ಮೇಲೆ ಹಿಮ ಹೂವಿನಂತೆ ಅರಳಿತ್ತು. ಬಂದಿದ್ದ ಗಂಡಸರೆಲ್ಲ ಒಂದೊಂದು ತುಂಡು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ಮೆರವಣಿಗೆ ಹೊರಟೆವು. ನಿನ್ನ ತೊಲೆಗೆ ನೇತುಹಾಕಿದ ಮಾಂಸ ಸಂಜೆಯೊಳಗೆ ಮತ್ತೆ ಕಲ್ಲಾಯಿತು. ಉಳಿಯಿತು.

ಹೀಗೆ, ಎಡ್ವಿನ್, ನಿನ್ನ ಅರ್ಧ ಕುದುರೆ ಕಡೆಗೂ ನಿನ್ನ ಜಾಗಕ್ಕೇ ಬಂತು. ನೀನಿಲ್ಲದ್ದು ನಮಗೆ ಫ್ರಿಜ್ಜಾಗಿ ಒದಗಿತು. ಇದನ್ನು ಹೊಗಳಿಕೆಯೆಂದು ತಿಳಿದುಕೋ.

ಒಂದೇ ತೊಡಕು. ಕಿಂಡಿಯಿಂದ ನನ್ನ ಕಡೆಯ ಬಿಸಿ ನಿನ್ನ ಕಡೆಗೆ ನುಗ್ಗುತ್ತದೆ. ಕಿಂಡಿಯ ಹತ್ತಿರದ ಪಕ್ಕೆಲುಬು ಮೆತ್ತಗಾಗಲು ಶುರುವಾಯಿತು. ಕುಲ್ಜಿಪಾ ಗಾರೆಯ ಪುಡಿಯ ಚೀಲವನ್ನೇ ತಂದು ನನ್ನ ಮುಂದಿಟ್ಟಳು. "ಈಗಲಾದ್ರೂ ಮುಚ್ತೀರಾ? ಆ ಕಡೆ ಮಾಂಸಕ್ಕೆ ಬಿಸಿ, ಈ ಕಡೆ ಕಾರಿಗೆ ಚಳಿ. ಇಬ್ಬರಿಗೂ ನಷ್ಟ."

ನಾನು ಮಾಂಸವನ್ನು ಕಿಂಡಿಯಿಂದ ದೂರದ ಮೂಲೆಗೆ ಸರಿಸಿದೆ.

ಅವಳು ಚೀಲ ಎತ್ತಿಕೊಂಡು ಹೋದಳು. ಕುಲ್ಜಿಪಾ ಏನೂ ಅನ್ನದೆ ಹೋದಾಗ ನನಗೆ ಎಷ್ಟು ಕಷ್ಟವಾಗುತ್ತದೆಂದು ನಿನಗೆ ಗೊತ್ತು.

ಹೊಸ ವರ್ಷ ಬರುತ್ತಿದೆ. ನಿನ್ನ ಬಾಗಿಲಿಗೆ ಬರುವವರೆಲ್ಲ ಒಳ್ಳೆಯ ಸುದ್ದಿ ಹೊತ್ತು ಬರಲಿ, ಹೋಗುವವರು ಹೊಟ್ಟೆ ತುಂಬಿ ಹೋಗಲಿ.

ಎರ್ಗಾಲಿ

ತಾ.ಕ.: ಗ್ಯಾರೇಜು ಕೊಳ್ಳಲು ಜನ ಕೇಳುತ್ತಿದ್ದಾರೆಯೇ ಎಂದು ನೀನು ಮತ್ತೆ ಕೇಳಿದ್ದೀಯ. ಒಳಗೆ ಕುದುರೆ ಇರುವಾಗ ತೋರಿಸುವುದು ಹೇಗೆ ಹೇಳು?

•

ಸರಾನ್
8 ಫೆಬ್ರವರಿ 1998

ಮಾನ್ಯರೇ, ಮಹನೀಯರೇ, ಹಿಂದಿನ ಸಾಲಿನ ಬೂಟಿಲ್ಲದ ಮಹಾಶಯರೇ,

ವರದಿ ಒಪ್ಪಿಸಲು ನಿಂತಿದ್ದೇನೆ. ತಡವಾದದ್ದು ನಿಜ. ಜನವರಿಯ ಬಿರುಗಾಳಿಗೆ ಹಳ್ಳಿಯ ದಾರಿಗಳೆಲ್ಲ ಮುಚ್ಚಿದವು, ಆದರೂ ನನ್ನ ಕಾರು ಒಂದು ಮದುವೆಯನ್ನೂ ತಪ್ಪಿಸಲಿಲ್ಲ. ಊರಿನ ಅರ್ಧ ಕಾರುಗಳನ್ನು ಎತ್ತಿನಂತೆ ಹಗ್ಗ ಕಟ್ಟಿ ಎಳೆಯುವಾಗ ನನ್ನದು ಕೀಲಿ ತಿರುಗಿಸಿದ ಕೂಡಲೇ ಕೆಮ್ಮದೆ ಎದ್ದಿತು. ಒಂದು ಮದುವೆಯಲ್ಲಂತೂ ಬೀಗರಿಬ್ಬರೂ ಬರುವ ಮೊದಲೇ ನಾನು ತಲುಪಿ, ಅವರನ್ನು ನಾನೇ ಬರಮಾಡಿಕೊಂಡೆ. ಈಗ ಡಿಪೋದಲ್ಲಿ ನನ್ನನ್ನು ಒಲೆಯ ಪ್ರೊಫೆಸರ್ ಎಂದು ಕರೆಯುತ್ತಾರೆ. ಕುದುರೆಯ ಪ್ರಸಂಗವನ್ನು ಮರೆತಿದ್ದಾರೆ ಎಂದೇನಲ್ಲ, ಎರಡನ್ನೂ ಒಟ್ಟಿಗೇ ನೆನೆಸುತ್ತಾರೆ.

ಕುರ್ದಾಸ್, ನಿನ್ನ ಗ್ಯಾರೇಜಿನ ಕಥೆ ಈಗ ಹೇಳುತ್ತೇನೆ. ನೀನು ಮೂರು ಪತ್ರದಲ್ಲಿ ಒಂದೇ ಮಾತು ಬರೆದೆ, ಮೂರನೆಯದರಲ್ಲಿ ಅದರ ಕೆಳಗೆ ಗೆರೆಯನ್ನೂ ಎಳೆದೆ. ಜರ್ಮನ್ ಗೆರೆ, ಅಳತೆಪಟ್ಟಿ ಇಟ್ಟು ಎಳೆದದ್ದು. ಸರಿ, ಜನರನ್ನು ಕರೆದೆ. ಮಾಂಸ ನೇತಾಡುವ ಮನೆಗೆ ಬಂದವರನ್ನು ಬಡಿಸದೆ ಕಳಿಸುವುದು ನಮ್ಮಲ್ಲಿ ಇಲ್ಲವಲ್ಲ. ಗ್ಯಾರೇಜು ನೋಡಲು ಬಂದವರು ಮೊದಲು ಕುದುರೆ ನೋಡಿದರು. ಕುದುರೆ ನೋಡಿದ ಮೇಲೆ ಅವರನ್ನು ಮೇಜಿಗೆ ಕೂರಿಸದೆ ಇರಲಾದೀತೇ? ಉಂಡ ಮೇಲೆ ನಾನು ಗ್ಯಾರೇಜಿನ ಗುಣಗಳನ್ನು ವಿವರಿಸುತ್ತಿದ್ದೆ. ವಸಂತದಲ್ಲಿ ನೀರು ನುಗ್ಗುತ್ತದೆ ಎಂದೆ. ಗೋಡೆ ನಾನು ಕಟ್ಟಿದ್ದು, ಡೊಂಕು ಎಂದೆ. ಇಲಿಗಳಿವೆ, ಓದುಬರಹ ಬಲ್ಲ ಇಲಿಗಳು ಎಂದೆ.

ಬಂದವರು ಉಂಡರು, ಉಂಡವರು ಎದ್ದರು,
ಎದ್ದವರು ಗ್ಯಾರೇಜು ಬೇಡವೇ ಎಂದರು.

ಕುಲ್ಜಿಪಾ ಪಾತ್ರೆ ತೊಳೆಯುತ್ತ, "ಹೀಗೇ ಆದ್ರೆ ಮಾರ್ಚಿನ ನೌರಿಜ್ ಹಬ್ಬದ ಹೊತ್ತಿಗೆ ಗ್ಯಾರೇಜು ಹೋಗಿರಲ್ಲ, ಕುದುರೆ ಇರಲ್ಲ" ಎಂದಳು.

ಆಮೇಲೆ ರಿಮ್ಮಾ ತೆಗಾಯ್ ಬಂದಳು. ಬಜಾರಿನಲ್ಲಿ ಖಾರ ಹಚ್ಚಿದ ಕ್ಯಾರೆಟ್ಟು, ಹುಳಿ ಎಲೆಕೋಸು ಮಾರುವ ಕೊರಿಯನ್ ಹೆಂಗಸು. ನಿನಗೆ ಅವಳು ನೆನಪಿರಬೇಕು, ಲಿಡಿಯಾ ಅವಳ ಬಳಿಯೇ ಕೊಳ್ಳುತ್ತಿದ್ದಳು. ಅವಳ ಮರದ ಶೆಡ್ಡಿನಲ್ಲಿ ಈ ಜನವರಿಯಲ್ಲಿ ಜಾಡಿಗಳು ಹೆಪ್ಪುಗಟ್ಟಿ ಒಂದೊಂದಾಗಿ ಬಿರಿದಿವೆ. ಅವಳಿಗೆ ಬೇಕಾದದ್ದು ಕಲ್ಲಿನ ಗೋಡೆ, ಒಂದು ಒಲೆ. ಉಣ್ಣಲು ಕೂರಿಸಿದೆವು. ಮಾತಿಲ್ಲದೆ, ಚೆನ್ನಾಗಿ ಉಂಡಳು. ನಾನು ಎಂದಿನ ಪಾಠ ಶುರುಮಾಡಿದೆ.

"ವಸಂತದಲ್ಲಿ ನೀರು ನುಗ್ಗುತ್ತೆ."

"ಹಲಗೆ ಮೇಲೆ ಇಡ್ತೀನಿ."

"ಇಲಿ ಕಾಟ."

"ನನ್ನ ಬೆಕ್ಕು ಒಂದೇ ಸಾಕು. ಈ ಬೀದಿ ಇಲಿಗೆಲ್ಲ."

"ಆ ನಡುಗೋಡೆ ಡೊಂಕು, ಯಾವತ್ತಾದ್ರೂ..."

ಅವಳು ಚಮಚ ಕೆಳಗಿಟ್ಟಳು. "ಎರ್ಗಾಲಿ ಅಣ್ಣ, ಮಾರೋದು ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ. ಪಾಪ, ಗೋಡೇನ ಯಾಕೆ ಬೈತೀರಾ?"

ನಾನು ಜೀವಮಾನವೆಲ್ಲ ಮೈಕು ಹಿಡಿದವನು. ಆ ಹೊತ್ತಿಗೆ ಅವಳ ತಟ್ಟೆಗೆ ಇನ್ನೊಂದು ತುಂಡು ಮಾಂಸ ಬಡಿಸಿದೆ.

"ಗ್ಯಾರೇಜಿನವರು ಮಾರಿ ಅಂದಿದಾರಾ?" ಎಂದಳು.

"ಅಂದಿದಾನೆ."

"ವಾಪಸ್ ಬರ್ತೀನಿ ಅಂದಿದಾರಾ?"

ನಾನು ಚಹಾ ಬಟ್ಟಲು ಹುಡುಕಿದೆ. ಅದು ಕೈಯಲ್ಲೇ ಇತ್ತು. ಉತ್ತರ ಕೊಟ್ಟವಳು ಕುಲ್ಜಿಪಾ: "ಇಲ್ಲ ರಿಮ್ಮಕ್ಕ. ಬರಲ್ಲ ಅಂತ ಬರೆದಿದಾರೆ. ಇವರು ಆ ಸಾಲು ಬಿಟ್ಟು ಮಿಕ್ಕಿದ್ದೆಲ್ಲಕ್ಕೂ ಉತ್ತರ ಬರೀತಿದಾರೆ."

ಅಲ್ಲಿಗೆ ವ್ಯಾಪಾರ ಮುಗಿಯಿತು. ನ್ಯಾಯವಾದ ಬೆಲೆ, ನಿನ್ನ ತಂಗಿಯ ಗಂಡನ ಕೈಯಲ್ಲಿ ಕಳಿಸುತ್ತೇನೆ. ಉಳಿದ ಸ್ವಲ್ಪ ಮಾಂಸ ನಮ್ಮ ಅಟ್ಟ ಹತ್ತಿತು. ರಿಮ್ಮಾ ಒಂದೇ ದಿನದಲ್ಲಿ ಜಾಡಿಗಳನ್ನೆಲ್ಲ ತಂದು ಜೋಡಿಸಿದಳು, ಮಗನಿಂದ ಒಲೆ ಹಾಕಿಸಿದಳು. ಕೊಳವೆಯನ್ನು ನೇರ ಮೇಲಕ್ಕೆ ಬಿಡಲು ಹೊರಟಿದ್ದಳು. ನಾನು ಅಡ್ಡ ನಿಂತು, ಮಲಗಿಸಿ ಬಿಡು ಎಂದೆ. ಒಪ್ಪಿದಳು. ಈಗ ಎರಡು ಕಡೆಯೂ ಒಲೆ, ನಡುವೆ ಒಂದು ಗೋಡೆ. ಗ್ಯಾರೇಜು ಬೆಚ್ಚಗಿಡುವ ವಿದ್ಯೆಯಲ್ಲಿ ಕೊನೆಯ ಪಾಠ ಇದೇ ಎಂದು ಮಹಾಸಭೆಗೆ ಅರಿಕೆ ಮಾಡುತ್ತೇನೆ: ಕಂಬಳಿ, ಹೊಟ್ಟು, ಹಿಮದ ಕಟ್ಟೆ ಎಲ್ಲ ಸರಿ, ಆದರೆ ಪಕ್ಕದವನ ಗೋಡೆ ತಣ್ಣಗಿದ್ದರೆ ನಿನ್ನದು ಅರ್ಧವೇ ಬೆಚ್ಚಗಾಗುತ್ತದೆ. ಈ ಚಳಿಗಾಲ ಇಲ್ಲಿಯವರೆಗೆ ನಾನು ಉರಿಸಿದ ಕಲ್ಲಿದ್ದಲಿನಲ್ಲಿ ಅರ್ಧ ನಿನ್ನ ಖಾಲಿ ಗೋಡೆಗೇ ಹೋಯಿತು.

ನೀನು ಚಿಂತೆ ಮಾಡಬೇಡ. ನನಗೆ ಹೊಸ ನೆರೆಯವಳು ಸಿಕ್ಕಿದ್ದಾಳೆ. ಮಾತು ಕಮ್ಮಿ, ಆದರೆ ಮನಸ್ಸು ಒಳ್ಳೆಯದು. ಮೊನ್ನೆ ನಾನು ಕಾರಿನಡಿಯಲ್ಲಿ ಮಲಗಿ ಬೋಲ್ಟು ಬಿಗಿಸುತ್ತಿದ್ದಾಗ ಕಿಂಡಿಯಿಂದ ಒಂದು ತಟ್ಟೆ ತೂರಿಬಂತು, ಕ್ಯಾರೆಟ್ಟು, ಕಣ್ಣಲ್ಲಿ ನೀರು ಬರುವಷ್ಟು ಖಾರ. ನಾನು ಚಹಾ ಬಟ್ಟಲು ದಾಟಿಸಿದೆ. ಅವಳು ಅದನ್ನು ಕುಡಿದು, ಉಪ್ಪು ಕಮ್ಮಿ ಎಂದಳು. ಹಾಲುಚಹಾಕ್ಕೆ ಉಪ್ಪು ಹಾಕುವವರೆಂದರೆ ನನಗೆ ಪ್ರಾಣ. ಹೀಗೆ ಜಗತ್ತು ನಡೆಯುತ್ತದೆ, ಒಬ್ಬ ಹೋದ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ತಟ್ಟೆ ಬರುತ್ತದೆ, ಬಟ್ಟಲು ಹೋಗುತ್ತದೆ. ನಿನಗೆ ಸಮಾಧಾನವಾಗಲಿ ಎಂದೇ ಬರೆದೆ.

ಲಿಡಿಯಾಳಿಗೆ ನಮಸ್ಕಾರ. ಕುಲ್ಜಿಪಾ ಒಂದು ಕಜಿ ಒಣಗಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ, ನಿನ್ನ ಪಾಲಿನದು, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಾಳೆ. ನಿನ್ನ ಹೊಸ ಊರು ನಿನ್ನನ್ನು ಮನೆಯವನಂತೆ ನೋಡಿಕೊಳ್ಳಲಿ. ನಿನ್ನ ಉಸಿರು ಎಂದೂ ಹೊಗೆಯಾಗಿ ಹೆಪ್ಪುಗಟ್ಟದ ಊರು ಅದು, ಅಲ್ಲಿ ನಿನಗೆ ನೂರು ವರ್ಷವಾಗಲಿ. ನನಗೂ ಅಷ್ಟೇ ಆಗಲಿ, ಒಂದೇ ವರ್ಷ ಹುಟ್ಟಿದವರು, ಹೆಚ್ಚು ಕಡಿಮೆ ಬೇಡ.

ನಿನ್ನ ಕುರ್ದಾಸ್,
ಒಲೆಯ ಪ್ರೊಫೆಸರ್ ಎರ್ಗಾಲಿ

ತಾ.ಕ.: ಎಡ್ವಿನ್, ತಟ್ಟೆ ಕಿಂಡಿಯಿಂದ ಬಂತು ಎಂದದ್ದು ಸುಳ್ಳು. ಮುಂಬಾಗಿಲಿನಿಂದ ಬಂತು, ಕುಲ್ಜಿಪಾಳ ಕೈಗೆ. ಚಹಾದ ಮಾತೂ ಸುಳ್ಳು.

ನಿಮ್ಮ ಒಲೆ ಮಸಿ ಕಿಂಡಿಯಿಂದ ನನ್ನ ಜಾಡಿಗೆ ಬೀಳುತ್ತೆ, ಆ ತೂತು ಮುಚ್ಚಿಕೊಡ್ತೀರಾ ಅಣ್ಣ ಎಂದು ರಿಮ್ಮಾ ಕೇಳಿದಳು. ತಿನ್ನುವ ಪದಾರ್ಥ, ಅವಳು ಕೇಳಿದ್ದು ಸರಿ. ಗಾಲಿಗೆ ಕೊಟ್ಟಿದ್ದ ಇಟ್ಟಿಗೆಗಳನ್ನು ತೆಗೆದು, ಮರದ ತುಂಡು ಕೊಟ್ಟೆ. ಗಾರೆ ನಾನೇ ಕಲಸಿದೆ, ನಾನೇ ಕೂರಿಸಿದೆ. ಆ ಗೋಡೆಯಲ್ಲಿ ನನ್ನ ಕೈಯಿಂದ ನೇರವಾಗಿ ಕೂತದ್ದು ಅವೆರಡೇ.

ಗ್ಯಾರೇಜು ಈಗ ನಿಜವಾಗಿಯೂ ಬೆಚ್ಚಗಿದೆ. ನಾನು ಕಾರು ನಿಲ್ಲಿಸಿ, ಬೀಗ ಹಾಕಿ ಮನೆಗೆ ಬಂದುಬಿಡುತ್ತೇನೆ. ಅಲ್ಲಿ ಕೂರಲು ಆಗುವುದಿಲ್ಲ.